ಕಾಗದದ ಮಾತನ್ನು ನಂಬಿ ಬಂದವರ ಊರು

ಕೆನಡಾ ಎಂದೊಡನೆ ನಮ್ಮವರ ಕಣ್ಣೆದುರು ನಿಲ್ಲುವುದು ಟೊರಾಂಟೊ, ವ್ಯಾಂಕೂವರ್‌ಗಳಂಥ ಮಹಾನಗರಗಳು. ಆದರೆ ನಾವು ಈ ಸಲ ಓದುಗರನ್ನು ಕರೆದೊಯ್ಯುವುದು ಮ್ಯಾನಿಟೋಬ ಪ್ರಾಂತದ ಹುಲ್ಲುಬಯಲಿಗೆ. ವಿನ್ನಿಪೆಗ್ ನಗರದ ಆಗ್ನೇಯಕ್ಕೆ, ರಸ್ತೆಯಲ್ಲಿ ಒಂದು ಗಂಟೆಯೊಳಗಿನ ದಾರಿ, ಸ್ಟೈನ್‌ಬಾಕ್ ಎಂಬ ಊರಿದೆ. 2021ರ ಜನಗಣತಿಯಲ್ಲಿ ಅದರ ಜನಸಂಖ್ಯೆ 17,806. ನಮ್ಮ ಕಡೆ ಒಂದು ತಾಲ್ಲೂಕು ಕೇಂದ್ರಕ್ಕೂ ಸಾಲದ ಲೆಕ್ಕ. ಆದರೆ 2006ರಲ್ಲಿ ಅಲ್ಲಿದ್ದವರು 11,066 ಮಂದಿ ಮಾತ್ರ. ಹಳ್ಳಿಗಳಿಂದ ಜನ ಮಹಾನಗರಗಳತ್ತ ಹರಿಯುತ್ತಿರುವ ಈ ಕಾಲದಲ್ಲಿ, ರೈಲನ್ನೇ ಕಾಣದ ಒಂದು ಊರು ಹೀಗೆ ಬೆಳೆದದ್ದು ಹೇಗೆ? ಬೆಳೆಯುತ್ತ ಅದು ಕಳೆದುಕೊಂಡದ್ದೇನು? ಊರು ಬಿಟ್ಟು ಬಂದ ನಮಗೆ ಈ ಎರಡು ಪ್ರಶ್ನೆಗಳೂ ಹೊರಗಿನವಲ್ಲ.

ಸ್ಟೈನ್‌ಬಾಕನ್ನು ಕಟ್ಟಿದವರು ಮೆನ್ನೊನೈಟರೆಂಬ ಕ್ರೈಸ್ತ ಪಂಥದವರು. ಆಯುಧ ಹಿಡಿಯಬಾರದೆಂಬುದು ಅವರ ಕಟ್ಟಳೆ. ಈ ಕಟ್ಟಳೆಯೇ ಅವರನ್ನು ದೇಶದಿಂದ ದೇಶಕ್ಕೆ ಅಟ್ಟಿತು. ಹದಿನಾರನೆಯ ಶತಮಾನದಲ್ಲಿ ಹಾಲೆಂಡ್ ಮತ್ತು ಉತ್ತರ ಜರ್ಮನಿಯಿಂದ ಹೊರಟು ವಿಸ್ತುಲಾ ನದಿಯ ಮುಖಜ ಭೂಮಿಗೆ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಷ್ಯಾ ಸಾಮ್ರಾಜ್ಯದ ದಕ್ಷಿಣ ಭಾಗಕ್ಕೆ, ಅಂದರೆ ಇಂದಿನ ಉಕ್ರೇನಿಗೆ, ಅವರು ಬಂದರು. 1870ರ ದಶಕದಲ್ಲಿ ರಷ್ಯಾ ಸರ್ಕಾರ ಎಲ್ಲರಿಗೂ ಸೈನಿಕ ಸೇವೆ ಕಡ್ಡಾಯವೆಂದಾಗ ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.

1873ರಲ್ಲಿ ಅವರ ಪ್ರತಿನಿಧಿಗಳು ಕೆನಡಾ ನೋಡಿಬಂದರು. ಆ ಜುಲೈಯಲ್ಲಿ ಅಲ್ಲಿನ ಕೃಷಿ ಇಲಾಖೆಯ ಕಾರ್ಯದರ್ಶಿ ಜಾನ್ ಲೋ ಅವರಿಗೊಂದು ಪತ್ರ ಬರೆದುಕೊಟ್ಟರು. ಸೈನಿಕ ಸೇವೆಯಿಂದ ವಿನಾಯಿತಿ, ಒಟ್ಟಿಗೆ ನೆಲೆಸಲು ಭೂಮಿ, ಮಕ್ಕಳಿಗೆ ತಮ್ಮದೇ ಶಾಲೆ, ಎಲ್ಲಕ್ಕೂ ಅದರಲ್ಲಿ ಒಪ್ಪಿಗೆಯಿತ್ತು. ಇಷ್ಟು ಸಾಕೆಂದು ಅವರು ಹೊರಟರು. ಆದರೆ ಆಗಸ್ಟಿನಲ್ಲಿ ಮಂತ್ರಿಮಂಡಲದ ಆದೇಶ ಹೊರಬಿದ್ದಾಗ ಶಾಲೆಯ ಅಂಶದಲ್ಲಿ 'ಕಾನೂನಿಗೆ ಒಳಪಟ್ಟು' ಎಂಬ ಅರ್ಥದ ಮಾತು ಸೇರಿಕೊಂಡಿತ್ತು. ಕಡತಗಳ ನಡುವೆ ಅರ್ಧ ಆಯುಷ್ಯ ಕಳೆದ ನಮಗೆ ಅಂಥ ಎರಡು ಮಾತಿನ ತೂಕ ಗೊತ್ತು. ಆ ರೈತರಿಗೆ ಗೊತ್ತಾಗಲಿಲ್ಲ. ಸಾಲದ್ದಕ್ಕೆ ಕೆನಡಾದ ಸಂವಿಧಾನದಂತೆ ಶಿಕ್ಷಣ ಪ್ರಾಂತಗಳ ವಿಷಯ. ಕೇಂದ್ರ ಕೊಟ್ಟ ಮಾತನ್ನು ಪ್ರಾಂತ ಉಳಿಸಿಕೊಡಬೇಕೆಂದಿರಲಿಲ್ಲ.

1874ರಲ್ಲಿ ಹದಿನೆಂಟು ಕುಟುಂಬಗಳು ಸ್ಟೈನ್‌ಬಾಕಿನಲ್ಲಿ ಇಳಿದವು. ಹೆಸರಿನ ಅರ್ಥ 'ಕಲ್ಲುಹಳ್ಳ'. ರಷ್ಯಾದಲ್ಲಿ ಬಿಟ್ಟುಬಂದ ಊರಿನ ಹೆಸರನ್ನೇ ಹೊಸ ಊರಿಗೂ ಇಟ್ಟರು. ಆ ನೆಲ ಖಾಲಿ ಬಿದ್ದಿದ್ದ ನೆಲವಲ್ಲ ಎಂಬುದನ್ನೂ ಹೇಳಬೇಕು. ಅನಿಶಿನಾಬೆ ಮೂಲನಿವಾಸಿಗಳ ಹಾಗೂ ಮೆಟಿಸ್ ಜನರ ಸೀಮೆ ಅದು. 1871ರ ಒಪ್ಪಂದದ ಮೂಲಕ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡು ಹೊಸಬರಿಗೆ ಹಂಚುತ್ತಿತ್ತು.

ಒಂದೇ ಬೀದಿ, ಬೀದಿಯುದ್ದಕ್ಕೂ ಮನೆಗಳು, ಪ್ರತಿ ಮನೆಯ ಹಿಂದೆ ಉದ್ದನೆಯ ಹೊಲದ ಪಟ್ಟಿ: ಊರಿನ ರಚನೆ ಹೀಗಿತ್ತು. 1877ರಲ್ಲಿ ಗಾಳಿಗಿರಣಿ ಎದ್ದಿತು. ಮನೆಗೆ ಬೆಂಕಿ ಬಿದ್ದರೆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವ ಏರ್ಪಾಡಿತ್ತು. ಎಲ್ಲಕ್ಕಿಂತ ನಮ್ಮ ಮನಸ್ಸಿಗೆ ಹಿಡಿದದ್ದು 'ವೈಸೆನಾಮ್ಟ್', ಅಂದರೆ ಅನಾಥರ ನಿಧಿ. ತಂದೆಯೋ ತಾಯಿಯೋ ತೀರಿಕೊಂಡರೆ ಮಕ್ಕಳ ಪಾಲಿನ ಹಣ ನಿಧಿಗೆ ಸೇರುತ್ತಿತ್ತು. ಅದನ್ನು ಸಮುದಾಯದವರಿಗೆ ಬಡ್ಡಿಗೆ ಸಾಲ ಕೊಟ್ಟು, ಮಕ್ಕಳು ಪ್ರಾಯಕ್ಕೆ ಬಂದಾಗ ಹಿಂದಿರುಗಿಸುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮ್ಯಾನಿಟೋಬದ ಇಂಥ ದೊಡ್ಡ ನಿಧಿಗಳು ಮುಳುಗಿದವು. ಆದರೆ ಕೂಡಿ ಉಳಿಸುವ ಅಭ್ಯಾಸ ಮುಳುಗಲಿಲ್ಲ. 1941ರಲ್ಲಿ ಊರವರು ಒಂದು ಸಹಕಾರಿ ಸಾಲ ಸಂಘ ಕಟ್ಟಿದರು. ಇಂದು ಅದು ಆ ಪ್ರಾಂತದ ದೊಡ್ಡ ಸಹಕಾರಿ ಸಂಸ್ಥೆಗಳಲ್ಲೊಂದು.

ರೈಲುಮಾರ್ಗ ಪಕ್ಕದಲ್ಲೇ ಹಾದುಹೋಯಿತು, ಸ್ಟೈನ್‌ಬಾಕಿಗೆ ಬರಲಿಲ್ಲ. ಅದಕ್ಕೆ ಊರವರು ಗೋಳಾಡಲಿಲ್ಲ, ರಸ್ತೆಯನ್ನೇ ನೆಚ್ಚಿಕೊಂಡರು. 1910ರ ದಶಕದಲ್ಲಿ ಜೆ. ಆರ್. ಫ್ರೀಸೆನ್ ಎಂಬವರು ಕಾರು ಕೊಂಡಾಗ ಅದನ್ನು ಆಡಂಬರವೆಂದು ಚರ್ಚು ಅವರನ್ನು ಬಹಿಷ್ಕರಿಸಿತೆಂದು ಹೇಳುತ್ತಾರೆ. ಅವರೇ ಮುಂದೆ ಫೋರ್ಡ್ ಕಾರಿನ ಅಂಗಡಿ ತೆರೆದರು. ಬಹಿಷ್ಕಾರ ಹಾಕಿದ ಊರು ಕೊನೆಗೆ 'ಆಟೋಮೊಬೈಲ್ ನಗರಿ' ಎಂದೇ ಹೆಸರಾಯಿತು!

ಈಗ ಕಳೆದುಕೊಂಡದ್ದರ ಮಾತು. ಮನೆಯಲ್ಲಿ ಅವರು ಆಡುತ್ತಿದ್ದುದು ಪ್ಲಾಟ್‌ಡೀಚ್ ಎಂಬ ಕೆಳನಾಡಿನ ಜರ್ಮನ್; ಶಾಲೆ, ಚರ್ಚುಗಳಲ್ಲಿ ಶಿಷ್ಟ ಜರ್ಮನ್. 1916ರಲ್ಲಿ ಮ್ಯಾನಿಟೋಬ ಸರ್ಕಾರ ದ್ವಿಭಾಷಾ ಶಾಲೆಗಳನ್ನು ರದ್ದುಮಾಡಿ ಇಂಗ್ಲಿಷನ್ನು ಕಡ್ಡಾಯಮಾಡಿತು. ಮೆನ್ನೊನೈಟರು 1873ರ ಪತ್ರವನ್ನು ಮುಂದಿಟ್ಟು ನ್ಯಾಯಾಲಯಕ್ಕೆ ಹೋದರು, ಪತ್ರ ನಿಲ್ಲಲಿಲ್ಲ. 1920ರ ದಶಕದಲ್ಲಿ ಹುಲ್ಲುಬಯಲಿನ ಸಾವಿರಾರು ಮೆನ್ನೊನೈಟರು ಮೆಕ್ಸಿಕೊ, ಪರಾಗ್ವೇಗಳಿಗೆ ಹೊರಟುಹೋದರು. ಉಳಿದವರ ಊರು ಬೆಳೆಯಿತು, ಭಾಷೆ ಸವೆಯಿತು. 1913ರಲ್ಲಿ ಹುಟ್ಟಿ 'ಸ್ಟೈನ್‌ಬಾಕ್ ಪೋಸ್ಟ್' ಎಂದು ಹೆಸರಾದ ಜರ್ಮನ್ ವಾರಪತ್ರಿಕೆ 1967ರಲ್ಲಿ ನಿಂತಿತು. ಹಳೆಯ ಬದುಕನ್ನು ತೋರಿಸುವ ಊರಿನ ವಸ್ತುಸಂಗ್ರಹಾಲಯ ಬಾಗಿಲು ತೆರೆದದ್ದೂ ಅದೇ ವರ್ಷ. ಈ ಎರಡು ತಾರೀಖುಗಳನ್ನು ಒಟ್ಟಿಗೆ ಕಂಡಾಗ ಪತ್ರಿಕೆಯೊಂದಕ್ಕೆ ಬರೆಯುವ ನಮ್ಮಂಥವರ ಎದೆ ಒಂದು ಕ್ಷಣ ಹಿಡಿದಂತಾಯಿತು.

ಆ ಸಮಾಜದಲ್ಲಿ ಎಲ್ಲವೂ ಸಿಹಿಯಾಗಿತ್ತೆಂದು ನಾವು ಹೇಳುವುದಿಲ್ಲ. 1964ರಲ್ಲಿ ಅಲ್ಲಿ ಹುಟ್ಟಿದ ಕಾದಂಬರಿಗಾರ್ತಿ ಮಿರಿಯಮ್ ಟೇವ್ಸ್ ತಮ್ಮ ಕೃತಿಗಳಲ್ಲಿ ಇಂಥ ಊರಿನ ಬಿಗಿ ಕಟ್ಟುಪಾಡುಗಳನ್ನೂ ಬಹಿಷ್ಕಾರದ ಕಹಿಯನ್ನೂ ಬಿಡಿಸಿಟ್ಟಿದ್ದಾರೆ. ಹತ್ತಿರ ಕೂಡಿಸುವ ಕೈಯೇ ಕೆಲವೊಮ್ಮೆ ಕತ್ತನ್ನೂ ಹಿಡಿಯುತ್ತದೆ.

1998ರಲ್ಲಿ ಮ್ಯಾನಿಟೋಬ ತನಗೆ ಬೇಕಾದ ಕುಶಲಿಗಳನ್ನು ತಾನೇ ಆರಿಸಿ ಕರೆಸಿಕೊಳ್ಳುವ ಯೋಜನೆ ಆರಂಭಿಸಿದಾಗ ಸ್ಟೈನ್‌ಬಾಕ್ ಅದನ್ನು ಚೆನ್ನಾಗಿ ಬಳಸಿಕೊಂಡಿತು. ಜರ್ಮನಿಯಿಂದ, ಪರಾಗ್ವೇಯಿಂದ, ಫಿಲಿಪೈನ್ಸಿನಿಂದ ಕುಟುಂಬಗಳು ಬಂದವು. ಊರು ಮರೆಯುತ್ತಿದ್ದ ಜರ್ಮನ್ ಮಾತು ಅಂಗಡಿಬೀದಿಯಲ್ಲಿ ಮತ್ತೆ ಕೇಳಿಬಂತು. ಅದರ ಪಕ್ಕದಲ್ಲೇ ಟಗಾಲೊಗ್ ಭಾಷೆಯೂ ಬಂದು ಕುಳಿತಿತು. 2000ದಲ್ಲಿ ಸಂಗ್ರಹಾಲಯದ ಗಾಳಿಗಿರಣಿ ಬೆಂಕಿಗೆ ಆಹುತಿಯಾದಾಗ ಮರುವರ್ಷವೇ ಅದನ್ನು ಮತ್ತೆ ನಿಲ್ಲಿಸಿದರು.

ನಮಗೆ ಕಂಡದ್ದಿಷ್ಟು. ಸಂಘ, ನಿಧಿ, ಗಿರಣಿಗಳನ್ನು ಸುಟ್ಟರೂ ಮುಳುಗಿದರೂ ಮತ್ತೆ ಕಟ್ಟಬಹುದು. ಸ್ಟೈನ್‌ಬಾಕಿನವರು ಕಟ್ಟಿ ತೋರಿಸಿದ್ದಾರೆ. ಮನೆಯ ಮಾತನ್ನು ಮಾತ್ರ ಸಹಕಾರ ಸಂಘ ಉಳಿಸಿಕೊಡಲಾರದು. ಅಲ್ಲಿ ಶಾಲೆ ಕೈತಪ್ಪಿದ ಮೇಲೂ ಭಾಷೆ ಕೆಲವು ತಲೆಮಾರು ಬದುಕಿದ್ದು ಊಟದ ಮೇಜಿನಲ್ಲಿ. ಭಾನುವಾರ ಮಧ್ಯಾಹ್ನ 'ಫಾಸ್ಪಾ' ಎಂದು ಬನ್ನು, ಗಿಣ್ಣು, ಕಾಫಿ ಇಟ್ಟುಕೊಂಡು ನೆಂಟರೆಲ್ಲ ಹರಟುವ ರೂಢಿ ಅವರಲ್ಲಿದೆ. ನಮ್ಮಲ್ಲೂ ಭಾನುವಾರ ಉಪ್ಪಿಟ್ಟು, ಕಾಫಿ ಇದ್ದೇ ಇದೆ. ಆ ಹೊತ್ತಿನಲ್ಲಿ ಓದುಗರು ಈ ಪುಟವನ್ನು ಮಗನಿಗೋ ಮಗಳಿಗೋ ಕೊಟ್ಟು ಗಟ್ಟಿಯಾಗಿ ಓದಿಸಲಿ ಎಂಬುದು ನಮ್ಮ ಕೋರಿಕೆ. ತಡವರಿಸಿದರೂ ಚಿಂತೆಯಿಲ್ಲ, ಓದಲಿ.