ಮೌಸ್ ಬೇಕೆ, ಟಚ್‌ಪ್ಯಾಡ್ ಸಾಕೆ?

ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಮೆಮೊರಿ ಎಷ್ಟು? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಬೆಲೆಯಲ್ಲಿ ಏನಾದರೂ ಕಡಿಮೆಯಾಗುತ್ತದೆಯೆ? ಹಣ ಕೊಡುವ ಹೊತ್ತಿಗೆ ಅಂಗಡಿಯವರೇ ಒಂದು ಪ್ರಶ್ನೆ ಕೇಳುತ್ತಾರೆ: "ಮೌಸ್ ಬೇಕಾ?" ಕೀಲಿಮಣೆಯ ಕೆಳಗೆ ನುಣುಪಾದ ಟಚ್‌ಪ್ಯಾಡ್ ಇದ್ದೇ ಇದೆಯಲ್ಲ, ಮತ್ತೇಕೆ ಇನ್ನೊಂದು ಖರ್ಚು ಎಂದು ಕೆಲವರು ಬೇಡವೆನ್ನುತ್ತಾರೆ. ರೂಢಿ ತಪ್ಪಬಾರದೆಂದು ಕೆಲವರು ಕೊಳ್ಳುತ್ತಾರೆ. ಎರಡೂ ಗುಂಪಿನವರು ಯೋಚಿಸುವುದು ಅರ್ಧ ನಿಮಿಷ. ಆ ಸಾಧನದ ಮೇಲೆ ಕೈ ಇರುವುದು ದಿನಕ್ಕೆ ನಾಲ್ಕೈದು ಗಂಟೆ, ವರ್ಷಗಟ್ಟಲೆ!

ಪ್ರಶ್ನೆ ಮಾತ್ರ ಹೊಸದಲ್ಲ. ತೆರೆಯ ಮೇಲಿನ ಒಂದು ಜಾಗವನ್ನು ಗಣಕಕ್ಕೆ ತೋರಿಸಲು ಯಾವ ಸಾಧನ ಒಳ್ಳೆಯದು ಎಂಬುದನ್ನು 1960ರ ದಶಕದಲ್ಲೇ ಸಮಯ ಅಳೆದು ಪರೀಕ್ಷಿಸಲಾಗಿತ್ತು. ಆ ಪರೀಕ್ಷೆ ಕೊಟ್ಟದ್ದು ಒಂದು ಉತ್ತರವನ್ನಲ್ಲ, ಎರಡು ಉತ್ತರಗಳನ್ನು. ಅವು ಇಂದಿಗೂ ನಿಮ್ಮ ಉಪಯೋಗಕ್ಕೆ ಬರುವಂಥವು. ಹೇಗೆಂದು ನೋಡೋಣ.

ಮರದ ಡಬ್ಬಿ, ಎರಡು ಚಕ್ರ

ಡಗ್ಲಸ್ ಎಂಗೆಲ್‌ಬಾರ್ಟ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯಲ್ಲಿ ರಾಡಾರ್ ತಂತ್ರಜ್ಞರಾಗಿದ್ದವರು. ತೆರೆಯ ಮೇಲೆ ಮಿನುಗುವ ಚುಕ್ಕಿಗಳನ್ನು ನೋಡಿ ಅವರಿಗೆ ಅಭ್ಯಾಸವಿತ್ತು. ಮುಂದೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಾಗ, ಗಣಕವೂ ತೆರೆಯ ಮೂಲಕ ಮನುಷ್ಯನೊಂದಿಗೆ ವ್ಯವಹರಿಸಬೇಕು ಎಂಬ ಆಲೋಚನೆ ಅವರದಾಗಿತ್ತು. ಆಗಿನ ಗಣಕಗಳೆಂದರೆ ರಂಧ್ರ ಕೊರೆದ ಕಾರ್ಡುಗಳನ್ನು ನುಂಗಿ, ಗಂಟೆಗಳ ನಂತರ ಉತ್ತರವನ್ನು ಕಾಗದದ ಮೇಲೆ ಮುದ್ರಿಸಿ ಕೊಡುತ್ತಿದ್ದ ಯಂತ್ರಗಳು. ತೆರೆಯ ಮೇಲೆ "ಇದು", "ಇಲ್ಲಿ" ಎಂದು ತೋರಿಸುವ ಅಗತ್ಯವೇ ಬಹುಪಾಲು ಜನರಿಗೆ ಕಂಡಿರಲಿಲ್ಲ.

ನಕಾಶೆಯ ಮೇಲಿನ ಪ್ರದೇಶದ ವಿಸ್ತೀರ್ಣವನ್ನು ಚಕ್ರ ಉರುಳಿಸಿ ಅಳೆಯುವ ಪ್ಲಾನಿಮೀಟರ್ ಎಂಬ ಉಪಕರಣ ಎಂಗೆಲ್‌ಬಾರ್ಟ್ ಅವರಿಗೆ ಸ್ಫೂರ್ತಿಯಾಯಿತು. ಅವರು 1961ರಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ಕಲ್ಪನೆಯನ್ನು 1964ರಲ್ಲಿ ಸಹೋದ್ಯೋಗಿ ಬಿಲ್ ಇಂಗ್ಲಿಷ್ ವಸ್ತುರೂಪಕ್ಕೆ ತಂದರು. ಅದೊಂದು ಮರದ ಡಬ್ಬಿ. ಮೇಲೆ ಒಂದೇ ಗುಂಡಿ. ಅಡಿಯಲ್ಲಿ ಪರಸ್ಪರ ಲಂಬಕೋನದಲ್ಲಿ ಜೋಡಿಸಿದ ಎರಡು ಲೋಹದ ಚಕ್ರಗಳು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರೆ ಒಂದು ಚಕ್ರ ಉರುಳುತ್ತಿತ್ತು, ಇನ್ನೊಂದು ಜಾರುತ್ತಿತ್ತು. ಮುಂದೆ ತಳ್ಳಿದರೆ ಇದರ ತಿರುವುಮುರುವು. ಓರೆಯಾಗಿ ಸರಿಸಿದರೆ ಎರಡೂ ತಮ್ಮ ತಮ್ಮ ಪಾಲಿನಷ್ಟು ತಿರುಗುತ್ತಿದ್ದವು. ಶಾಲೆಯಲ್ಲಿ ನೀವು ಕಲಿತ x ಮತ್ತು y ಅಕ್ಷಗಳು ಇವೇ! ಡಬ್ಬಿಯಿಂದ ಹೊರಟ ತಂತಿ ಬಾಲದಂತೆ ಕಾಣುತ್ತಿದ್ದುದರಿಂದ ಪ್ರಯೋಗಾಲಯದಲ್ಲಿ ಯಾರೋ ಅದನ್ನು ಇಲಿ ಎಂದು ಕರೆದರು. ಮೊದಲು ಕರೆದವರು ಯಾರೆಂಬುದು ಎಂಗೆಲ್‌ಬಾರ್ಟ್ ಅವರಿಗೂ ನೆನಪಿರಲಿಲ್ಲ.

ಐದು ಸಾಧನಗಳ ಪಂದ್ಯ

ಹೊಸದನ್ನು ಮಾಡಿದವರಿಗೆ ಅದೇ ಶ್ರೇಷ್ಠವೆನಿಸುವುದು ಸಹಜ. ಆದರೆ ಈ ತಂಡ ಹಾಗೆ ಘೋಷಿಸಿ ಸುಮ್ಮನಾಗಲಿಲ್ಲ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಒದಗಿಸಿದ ಹಣದಿಂದ ಅದು ಒಂದು ಪಂದ್ಯವನ್ನೇ ಏರ್ಪಡಿಸಿತು. ಮೌಸ್ ಜೊತೆಗೆ ಸ್ಪರ್ಧೆಯಲ್ಲಿ ಇದ್ದವು ನಾಲ್ಕು: ತೆರೆಗೇ ಮುಟ್ಟಿಸಿ ತೋರಿಸುವ ಲೈಟ್‌ಪೆನ್, ಹಿಡಿದು ವಾಲಿಸುವ ಜಾಯ್‌ಸ್ಟಿಕ್, ಗ್ರಾಫಕಾನ್ ಎಂಬ ತೋಳಿನಾಕಾರದ ಉಪಕರಣ ಮತ್ತು ಮೇಜಿನ ಅಡಿಯಲ್ಲಿ ಮೊಣಕಾಲಿನಿಂದ ಅಲುಗಾಡಿಸುವ ಒಂದು ಸನ್ನೆಕೋಲು. ಹೌದು, ಮೊಣಕಾಲು! ಕೈಗಳೆರಡೂ ಕೀಲಿಮಣೆಯ ಮೇಲೆ ಇದ್ದುಬಿಡಲಿ ಎಂಬುದು ಅದರ ಉದ್ದೇಶ.

ಪರೀಕ್ಷೆ ಸರಳವಾಗಿತ್ತು. ವ್ಯಕ್ತಿ ಕೀಲಿಮಣೆಯ ಸ್ಪೇಸ್‌ಬಾರ್ ಒತ್ತಬೇಕು. ಅಲ್ಲಿಂದ ಕೈ ಸಾಧನಕ್ಕೆ ಹೋಗಬೇಕು. ತೆರೆಯ ಮೇಲಿನ ಗುರಿಯತ್ತ ಕರ್ಸರ್ ಒಯ್ದು ಗುಂಡಿ ಒತ್ತಬೇಕು. ಎಷ್ಟು ಸಮಯ ಹಿಡಿಯಿತು, ಎಷ್ಟು ಸಲ ಗುರಿ ತಪ್ಪಿತು ಎಂಬುದನ್ನು ಗಣಕವೇ ದಾಖಲಿಸುತ್ತಿತ್ತು. ಕೈ ಸಾಧನವನ್ನು ತಲಪುವ ಸಮಯವನ್ನೂ ಲೆಕ್ಕಕ್ಕೆ ಹಿಡಿದದ್ದನ್ನು ಗಮನಿಸಿ. ಈ ಅಂಶ ನಮ್ಮ ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ.

ಫಲಿತಾಂಶ 1967ರಲ್ಲಿ ಪ್ರಕಟವಾಯಿತು. ಪಳಗಿದವರ ಕೈಯಲ್ಲಿ ಮೌಸ್ ಎಲ್ಲಕ್ಕಿಂತ ವೇಗವಾಗಿತ್ತು, ತಪ್ಪುಗಳೂ ಕಡಿಮೆ. ಆದರೆ ಈ ಸಾಧನಗಳನ್ನು ಮುಟ್ಟಿಯೇ ಇರದ ಹೊಸಬರ ವಿಷಯದಲ್ಲಿ ಮೊಣಕಾಲಿನ ಸನ್ನೆಕೋಲು ಮತ್ತು ಲೈಟ್‌ಪೆನ್ ಮುಂದಿದ್ದವು. ಮೊದಲ ದಿನ ಸುಲಭವೆನಿಸಿದ್ದು ಬೇರೆ, ಅಭ್ಯಾಸದ ಮೇಲೆ ಗೆದ್ದದ್ದು ಬೇರೆ! ಅಂಗಡಿಯಲ್ಲಿ ಎರಡು ನಿಮಿಷ ಮುಟ್ಟಿ ನೋಡಿ ತೀರ್ಮಾನಿಸುವವರು ನೆನಪಿಡಬೇಕಾದ ಮಾತಿದು.

ಮೌಸ್ ಏಕೆ ಗೆದ್ದಿತು? ಇದಕ್ಕೆ ಸಮರ್ಪಕ ಉತ್ತರ ಸಿಕ್ಕಿದ್ದು 1978ರಲ್ಲಿ. ಅದಕ್ಕೆ ಆಧಾರ, ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ 1954ರಲ್ಲಿ ಮಂಡಿಸಿದ್ದ ಒಂದು ನಿಯಮ. ಗುರಿ ದೂರವಾದಷ್ಟೂ, ಕಿರಿದಾದಷ್ಟೂ ಕೈ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕು ಎಂಬುದು ಯಾರಿಗಾದರೂ ತಿಳಿಯುತ್ತದೆ. ಫಿಟ್ಸ್ ಇದಕ್ಕೊಂದು ಗಣಿತ ಸೂತ್ರ ಕೊಟ್ಟರು. ಅದರಂತೆ ದೂರ ಮತ್ತು ಗುರಿಯ ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ಸಮಯ ಬದಲಾಗುವುದಿಲ್ಲ. ಸ್ಟುವರ್ಟ್ ಕಾರ್ಡ್, ಬಿಲ್ ಇಂಗ್ಲಿಷ್ ಮತ್ತು ಬೆಟ್ಟಿ ಬರ್ ಅವರು ಮೌಸ್‌ಗೆ ಇದೇ ಸೂತ್ರವನ್ನು ಅನ್ವಯಿಸಿ ನೋಡಿದರು. ಮೌಸ್ ಹಿಡಿದ ಕೈಯ ವೇಗ ಬರಿಗೈಯಲ್ಲಿ ಗುರಿ ಮುಟ್ಟುವ ವೇಗಕ್ಕೆ ತೀರ ಹತ್ತಿರವಿತ್ತು. ಅಂದರೆ, ಇಲ್ಲಿ ಮಿತಿ ಇರುವುದು ಸಾಧನದಲ್ಲಲ್ಲ; ನಮ್ಮ ಕಣ್ಣು, ಮಿದುಳು ಮತ್ತು ಸ್ನಾಯುಗಳ ಹೊಂದಾಣಿಕೆಯಲ್ಲಿ.

ಪ್ರಯೋಗಾಲಯದಿಂದ ಮನೆಗೆ

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎಂಗೆಲ್‌ಬಾರ್ಟ್ ತಮ್ಮ ವ್ಯವಸ್ಥೆಯನ್ನು ಸುಮಾರು ಸಾವಿರ ಮಂದಿ ತಜ್ಞರ ಎದುರು ಪ್ರದರ್ಶಿಸಿದರು. ಅದೇ ವರ್ಷ ಜರ್ಮನಿಯ ಟೆಲಿಫುಂಕೆನ್ ಕಂಪನಿಯೂ ಚಕ್ರಗಳ ಬದಲು ಉರುಳುವ ಗುಂಡನ್ನು ಬಳಸಿದ ಸಾಧನವೊಂದನ್ನು ಸ್ವತಂತ್ರವಾಗಿ ಹೊರತಂದಿತ್ತು. ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೊ ಗಣಕ ಮೌಸ್‌ನೊಂದಿಗೇ ಬಂತು. ಅಲ್ಲಿಂದ ಆಪಲ್ ಕಂಪನಿ ಪ್ರೇರಣೆ ಪಡೆದು 1983ರಲ್ಲಿ ಲೀಸಾ, 1984ರಲ್ಲಿ ಮ್ಯಾಕಿಂಟಾಷ್ ಗಣಕಗಳ ಜೊತೆ ಅಗ್ಗದ, ಒಂದೇ ಗುಂಡಿಯ ಮೌಸ್ ಮಾರಿತು.

ಎಂಗೆಲ್‌ಬಾರ್ಟ್ ಅವರಿಗೆ ದಕ್ಕಿದ್ದೇನು? 1970ರಲ್ಲಿ ಸಿಕ್ಕ ಪೇಟೆಂಟ್ ಅವರು ದುಡಿಯುತ್ತಿದ್ದ ಸಂಸ್ಥೆಯ ಹಕ್ಕಾಗಿತ್ತು. ಮೌಸ್ ಮನೆಮನೆ ಸೇರುವ ಮುನ್ನವೇ, 1987ರಲ್ಲಿ, ಅದರ ಅವಧಿ ಮುಗಿಯಿತು. 2013ರಲ್ಲಿ ನಿಧನರಾದ ಅವರಿಗೆ ಮೌಸ್‌ನಿಂದ ರಾಯಧನವೆಂದು ಒಂದು ಕಾಸೂ ಬರಲಿಲ್ಲ.

ಮೇಜಿಲ್ಲದ ಗಣಕ

ಗೆದ್ದ ಮೌಸ್‌ಗೆ ಒಂದು ಷರತ್ತಿತ್ತು: ಮೇಜು ಬೇಕು. ಗಣಕವೇ ತೊಡೆಯ ಮೇಲೆ ಬಂದು ಕುಳಿತಾಗ ಈ ಷರತ್ತು ಮುರಿಯಿತು. ರೈಲಿನಲ್ಲಿ, ವಿಮಾನದಲ್ಲಿ ಮೌಸ್ ಓಡಿಸುವುದೆಲ್ಲಿ? ಎಂಜಿನಿಯರುಗಳು ಮಗುಚಿದ ಮೌಸ್‌ನಂಥ ಸಾಧನವನ್ನು ಬಳಸಿದರು. ಗುಂಡು ಮೇಲಕ್ಕೆ ಬಂತು. ಡಬ್ಬಿ ನಿಂತಲ್ಲೇ ನಿಂತು, ಬೆರಳು ಗುಂಡನ್ನು ಉರುಳಿಸತೊಡಗಿತು. ಇದೇ ಟ್ರ್ಯಾಕ್‌ಬಾಲ್. 1991ರ ಆಪಲ್ ಪವರ್‌ಬುಕ್‌ನಲ್ಲಿ ಕೀಲಿಮಣೆಯನ್ನು ಹಿಂದಕ್ಕೆ ಸರಿಸಿ, ಮುಂದೆ ಅಂಗೈ ಊರಲು ಜಾಗ ಬಿಟ್ಟು, ನಡುವೆ ಟ್ರ್ಯಾಕ್‌ಬಾಲ್ ಕೂರಿಸಲಾಯಿತು. ನಿಮ್ಮ ಲ್ಯಾಪ್‌ಟಾಪಿನ ವಿನ್ಯಾಸ ಇಂದಿಗೂ ಬಹುಮಟ್ಟಿಗೆ ಇದೇ. 1992ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್‌ನ ಕೀಲಿಗಳ ನಡುವೆಯೇ ಒಂದು ಕೆಂಪು ಗುಬುಟು ನೆಟ್ಟಿತು. ಕೈ ಕೀಲಿಮಣೆ ಬಿಟ್ಟು ಹೋಗಿ ಬರುವ ಸಮಯವನ್ನು ಉಳಿಸುವುದು ಅದರ ಉದ್ದೇಶ. ಮೊಣಕಾಲಿನ ಸನ್ನೆಕೋಲು ನೆನಪಾಯಿತೆ?

ಟ್ರ್ಯಾಕ್‌ಬಾಲ್ ದಪ್ಪ, ಸಂದುಗಳಲ್ಲಿ ಧೂಳು, ಬೆರಳಿನ ಜಿಡ್ಡು ಸೇರುತ್ತಿತ್ತು. ಚಲಿಸುವ ಭಾಗವೇ ಇಲ್ಲದ ತೆಳುವಾದ ಸಾಧನ ಬೇಕಿತ್ತು. 1983ರಲ್ಲಿ ಬಂದ ಗೇವಿಲನ್ ಎಂಬ ಒಯ್ಯಬಲ್ಲ ಗಣಕದ ಕೀಲಿಮಣೆಯ ಮೇಲ್ಭಾಗದಲ್ಲಿ ಸ್ಪರ್ಶ ಫಲಕವಿತ್ತಾದರೂ ಅದು ಜನಪ್ರಿಯವಾಗಲಿಲ್ಲ. ಜಾರ್ಜ್ ಗರ್ಫೈಡ್ ರೂಪಿಸಿದ ತಂತ್ರವನ್ನು ಬಳಸಿ 1994ರ ಮೇ ತಿಂಗಳಲ್ಲಿ ಆಪಲ್ ತನ್ನ ಪವರ್‌ಬುಕ್ 500 ಸರಣಿಯಲ್ಲಿ ಟ್ರ್ಯಾಕ್‌ಬಾಲ್ ತೆಗೆದು ಟಚ್‌ಪ್ಯಾಡ್ ಇಟ್ಟಿತು. ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ ವಿನ್ಯಾಸಕಾರರಲ್ಲಿ ಒಬ್ಬರಾದ ಫೆಡೆರಿಕೊ ಫ್ಯಾಜಿನ್ ಸೇರಿ ಕಟ್ಟಿದ್ದ ಸಿನಾಪ್ಟಿಕ್ಸ್ ಕಂಪನಿಯೂ ಬೇಗನೆ ಈ ಕ್ಷೇತ್ರಕ್ಕಿಳಿಯಿತು. ಕೆಲವೇ ವರ್ಷಗಳಲ್ಲಿ ಟಚ್‌ಪ್ಯಾಡ್ ಇಲ್ಲದ ಲ್ಯಾಪ್‌ಟಾಪ್ ಅಪರೂಪವಾಯಿತು. ಇದು ವೇಗದ ಪಂದ್ಯದಲ್ಲಿ ಪಡೆದ ಗೆಲುವಲ್ಲ ಎಂಬುದನ್ನು ಮರೆಯಬೇಡಿ. ಮೇಜಿಲ್ಲದ ಕಡೆಯೂ ಕೆಲಸ ಮಾಡಬಲ್ಲದು, ತೆಳುವಾಗಿದೆ, ಸವೆಯುವುದಿಲ್ಲ. ಗೆಲುವಿಗೆ ಕಾರಣ ಇಷ್ಟೇ.

ಬೆರಳು ಬಂದದ್ದು ಹೇಗೆ ತಿಳಿಯುತ್ತದೆ?

ಟಚ್‌ಪ್ಯಾಡ್‌ನ ನುಣುಪು ಹೊದಿಕೆಯ ಕೆಳಗೆ ಅಡ್ಡಸಾಲು, ಕಂಬಸಾಲುಗಳಲ್ಲಿ ಲೋಹದ ಎಳೆಗಳ ಬಲೆಯಿದೆ. ಎಳೆಗಳು ಪರಸ್ಪರ ತಾಗುವುದಿಲ್ಲ. ಹೀಗಾಗಿ ಅವು ಹಾಯುವ ಪ್ರತಿ ಜಾಗವೂ ಒಂದು ಪುಟ್ಟ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಧಾರಕ. ನಮ್ಮ ದೇಹ ವಿದ್ಯುದ್ವಾಹಕ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಬದಲಾವಣೆ ಎಲ್ಲಿ ಹೆಚ್ಚು, ಅಕ್ಕಪಕ್ಕದ ಎಳೆಗಳಲ್ಲಿ ಎಷ್ಟು ಎಂದು ಲೆಕ್ಕಹಾಕಿ ಚಿಪ್ ಬೆರಳಿನ ಸ್ಥಾನವನ್ನು ಕಂಡುಹಿಡಿಯುತ್ತದೆ. ಪೆನ್ಸಿಲಿನ ಮರದ ತುದಿಯಿಂದ ಒತ್ತಿದರೆ ಕರ್ಸರ್ ಕದಲದಿರುವುದು, ಬೆರಳು ಒದ್ದೆಯಾಗಿದ್ದರೆ ಕರ್ಸರ್ ಕುಣಿಯುವುದು ಇದೇ ಕಾರಣಕ್ಕೆ.

ಮೌಸ್ ಕೂಡ ಸುಮ್ಮನೆ ಕೂರಲಿಲ್ಲ. ಗುಂಡಿನ ಮೌಸ್‌ನ ಹೊಟ್ಟೆ ಬಿಚ್ಚಿ ಉರುಳೆಗಳಿಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆದವರು ನಿಮ್ಮಲ್ಲಿ ಹಲವರಿರಬಹುದು. 1999ರಲ್ಲಿ ಮಾರುಕಟ್ಟೆಗೆ ಬಂದ ಹೊಸ ಬಗೆಯ ಆಪ್ಟಿಕಲ್ ಮೌಸ್ ಆ ಕಾಟ ತಪ್ಪಿಸಿತು. ಅದರ ಅಡಿಯಲ್ಲಿರುವ ಪುಟ್ಟ ಕ್ಯಾಮೆರಾ ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಚಿತ್ರಿಸಿ, ಒಂದಕ್ಕೊಂದು ಹೋಲಿಸಿ, ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ಯಾವ ಗುರುತೂ ಇಲ್ಲದ ಗಾಜಿನ ಮೇಲೆ ಮಾತ್ರ ಇಂಥ ಮೌಸ್ ಸಾಮಾನ್ಯವಾಗಿ ತಡವರಿಸುತ್ತದೆ.

ನೋವು ಕಲಿಸಿದ ಸನ್ನೆಗಳು

ಒಂದೇ ಚಲನೆಯನ್ನು ದಿನವಿಡೀ ಮಾಡುವ ಕೈಗೆ ನೋವು ಬರುತ್ತದೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ವೇಯ್ನ್ ವೆಸ್ಟರ್‌ಮನ್ ಅವರಿಗೆ ಇಂಥದೇ ತೊಂದರೆಯಿತ್ತು. ಬಲವಾಗಿ ಒತ್ತಬೇಕಿಲ್ಲದ, ಹಲವು ಬೆರಳುಗಳನ್ನು ಒಟ್ಟಿಗೇ ಗುರುತಿಸುವ ಫಲಕವನ್ನು ಅವರು ಪ್ರಾಧ್ಯಾಪಕ ಜಾನ್ ಎಲಿಯಾಸ್ ಜೊತೆ ರೂಪಿಸಿದರು. ಇದಕ್ಕಾಗಿ ಇಬ್ಬರೂ 1998ರಲ್ಲಿ ಫಿಂಗರ್‌ವರ್ಕ್ಸ್ ಎಂಬ ಕಂಪನಿ ಸ್ಥಾಪಿಸಿದರು. 2005ರಲ್ಲಿ ಆಪಲ್ ಅದನ್ನು ಕೊಂಡಿತು. 2008ರ ಮ್ಯಾಕ್‌ಬುಕ್ ಏರ್‌ನ ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳುಗಳನ್ನು ಹಿಗ್ಗಿಸಿ ಚಿತ್ರ ದೊಡ್ಡದು ಮಾಡುವ, ಮೂರು ಬೆರಳುಗಳಿಂದ ಪುಟ ಸರಿಸುವ ಸೌಲಭ್ಯ ಬಂತು. ಕರ್ಸರ್ ಸರಿಸುವ ಫಲಕ ಹೀಗೆ ಸನ್ನೆಗಳನ್ನು ಓದುವ ಫಲಕವೂ ಆಯಿತು.

ಹಾಗಾದರೆ ಟಚ್‌ಪ್ಯಾಡ್ ಬಳಸಿದರೆ ನೋವಿಲ್ಲವೆ? ಹಾಗೇನಿಲ್ಲ. ಮೌಸ್ ದೂರದಲ್ಲಿದ್ದರೆ ತೋಳು ಚಾಚಿಕೊಂಡೇ ಇರಬೇಕು, ಭುಜ ದಣಿಯುತ್ತದೆ. ಟಚ್‌ಪ್ಯಾಡ್‌ನಲ್ಲಿ ಮಣಿಕಟ್ಟು ಒಳಕ್ಕೆ ತಿರುಗಿ, ಒಂದೆರಡು ಬೆರಳುಗಳ ಮೇಲೆಯೇ ಭಾರ ಬೀಳುತ್ತದೆ. ಸಾಲದ್ದಕ್ಕೆ, ಲ್ಯಾಪ್‌ಟಾಪಿನ ತೆರೆ ತಗ್ಗಿನಲ್ಲಿರುವುದರಿಂದ ಕತ್ತೂ ಬಾಗುತ್ತದೆ. ಯಾವುದನ್ನು ಬಳಸಿದರೂ ಮೊಣಕೈ ಮೈಗೆ ಹತ್ತಿರವಿರಲಿ, ಮಣಿಕಟ್ಟು ನೇರವಾಗಿರಲಿ, ನಡುನಡುವೆ ಕೈಗೆ ಬಿಡುವಿರಲಿ. ಎಡಗೈ ಬಳಸುವವರು ಮೌಸ್ ಗುಂಡಿಗಳನ್ನು ಅದಲುಬದಲು ಮಾಡಿಕೊಳ್ಳಬಹುದು. ಜುಮುಗುಡುವಿಕೆ, ಮರಗಟ್ಟುವಿಕೆ ಮುಂದುವರಿದರೆ ವೈದ್ಯರನ್ನು ಕಾಣಿ.

ನೀವೇ ಪಂದ್ಯ ನಡೆಸಿ

1967ರ ಪಾಠವನ್ನು ನಿಮ್ಮ ಮೇಜಿನ ಮೇಲೆಯೇ ಪರೀಕ್ಷಿಸಬಹುದು. ತೆರೆಯ ಎದುರುಬದುರು ಮೂಲೆಗಳಲ್ಲಿ ಎರಡು ಫೋಲ್ಡರ್ ಇಡಿ. ಒಂದಾದ ಮೇಲೆ ಒಂದರಂತೆ ಇಪ್ಪತ್ತು ಸಲ ಕ್ಲಿಕ್ ಮಾಡಿ, ಹಿಡಿದ ಸಮಯ ಮತ್ತು ತಪ್ಪಿದ ಕ್ಲಿಕ್‌ಗಳನ್ನು ಬರೆದುಕೊಳ್ಳಿ. ಮೊದಲು ಮೌಸ್, ಆಮೇಲೆ ಟಚ್‌ಪ್ಯಾಡ್. ಮರುದಿನ ಕ್ರಮ ಬದಲಿಸಿ. ಎರಡನೆಯ ಪರೀಕ್ಷೆಯಲ್ಲಿ, ಒಂದು ಪುಟ ಟೈಪ್ ಮಾಡುತ್ತಾ ಪ್ರತಿ ಸಾಲಿನಲ್ಲೂ ಒಂದು ಪದ ತಿದ್ದಿ. ಇಲ್ಲಿ ಕೈ ಕೀಲಿಮಣೆಯಿಂದ ಹೋಗಿ ಬರುವ ಸಮಯವೂ ಸೇರುತ್ತದೆ. ಎರಡನ್ನೂ ಒಂದು ವಾರ ಮುಂದುವರಿಸಿ, ಮೊದಲ ದಿನದ ಅಂಕಿಗಳನ್ನು ಕೊನೆಯ ದಿನದವುಗಳ ಪಕ್ಕದಲ್ಲಿಟ್ಟು ನೋಡಿ.

ನಕ್ಷೆ ಬರೆಯುವವರು, ಚಿತ್ರ ತಿದ್ದುವವರು, ದೊಡ್ಡ ಕೋಷ್ಟಕಗಳಲ್ಲಿ ಕೆಲಸ ಮಾಡುವವರು ದೂರದ ಸಣ್ಣ ಗುರಿಗಳನ್ನು ಮತ್ತೆ ಮತ್ತೆ ಮುಟ್ಟಬೇಕು, ಎಳೆದು ಬಿಡಬೇಕು. ಅಂಥವರಿಗೆ ಮೌಸ್ ಖರ್ಚು ಖಂಡಿತ ದಂಡವಲ್ಲ. ಹೆಚ್ಚು ಟೈಪ್ ಮಾಡುವವರಿಗೆ, ಪುಟ ಸರಿಸಿ ಓದುವವರಿಗೆ, ಊರೂರು ತಿರುಗುವವರಿಗೆ ಟಚ್‌ಪ್ಯಾಡ್ ಸಾಕಾದೀತು. ಎರಡನ್ನೂ ಇಟ್ಟುಕೊಂಡು ಕೆಲಸಕ್ಕೆ ತಕ್ಕಂತೆ ಬದಲಿಸಿದರೆ ಒಂದೇ ಸ್ನಾಯುವಿನ ಮೇಲೆ ಬೀಳುವ ಭಾರವೂ ಹಂಚಿಹೋಗುತ್ತದೆ. ಎಂಗೆಲ್‌ಬಾರ್ಟ್ ತಂಡ ತನ್ನದೇ ಸೃಷ್ಟಿಯನ್ನೂ ಪಂದ್ಯಕ್ಕಿಳಿಸಿದ ನಂತರವೇ ಒಪ್ಪಿಕೊಂಡಿತು. ಅಂಗಡಿಯವರು "ಮೌಸ್ ಬೇಕಾ?" ಎಂದು ಕೇಳಿದಾಗ ಉತ್ತರ ನಿಮ್ಮ ಕೈಯ ಅಂಕಿಅಂಶಗಳಿಂದ ಬರಲಿ.