ಕಾಳೀತೀರದ ಅನ್ನಪ್ರಾಶನ

ಕಾಳೀನದಿಯು ಕಡಲನ್ನು ಸೇರುವ ಎಡೆಯಲ್ಲಿ, ಸದಾಶಿವಗಡದ ಗುಡ್ಡದ ಆಸರೆಯಲ್ಲಿರುವ ಚಿತ್ತಾಕುಲವು, 16ನೆಯ ಶತಮಾನದ ಪೋರ್ಚುಗೀಸರ ಬರಹಗಳಲ್ಲಿ ‘ಸಿಂತಾಕೋರಾ’ ಎಂದು ಕಾಣಿಸಿಕೊಳ್ಳುವ ಪುರಾತನ ನೆಲೆ. ಇಂತಹ ಸ್ಥಳಗಳ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳನ್ನೂ ಮೆಣಸಿನ ವ್ಯಾಪಾರವನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಆದರೆ ಆ ಕೋಟೆಯ ಸುತ್ತಣ ಮನೆಗಳಲ್ಲಿ ಹುಟ್ಟಿದ ಶಿಶುಗಳು ಮೊಲೆಹಾಲಿನಿಂದ ಅನ್ನಕ್ಕೆ ಹೇಗೆ ದಾಟಿದುವೆಂಬುದನ್ನು ವಿಚಾರಿಸಿದವರು ವಿರಳ. ಒಂದು ಸೀಮೆಯ ಮಣ್ಣು, ನೀರು, ಕಾಡು, ಕಾನೂನುಗಳೆಲ್ಲವೂ ಕೂಸಿನ ಬಟ್ಟಲಿನಲ್ಲಿ ಬಂದು ಸೇರುವುದರಿಂದ, ಆ ಬಟ್ಟಲಿನ ಚರಿತ್ರೆಯು ಅರಸರ ಚರಿತ್ರೆಗಿಂತ ಕಿರಿದಾದುದಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಶಿಶುವಿಗೆ ಆರನೆಯ ತಿಂಗಳಲ್ಲಿ ಅನ್ನಪ್ರಾಶನವನ್ನು ಮಾಡಿಸಬೇಕೆಂದು ಆಶ್ವಲಾಯನ, ಪಾರಸ್ಕರ ಮೊದಲಾದ ಗೃಹ್ಯಸೂತ್ರಕಾರರು ವಿಧಿಸಿದರು. ಸುಶ್ರುತನು ಅದೇ ತಿಂಗಳಿಗೆ ಹಗುರವಾದ ಆಹಾರವನ್ನು ಸೂಚಿಸಿದನು. ನೇಪಾಳದಲ್ಲಿ ದೊರೆತ ಪ್ರತಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಾದರೋ ಆರನೆಯ ತಿಂಗಳಿಗೆ ಹಣ್ಣನ್ನೂ ಹತ್ತನೆಯ ತಿಂಗಳಿಗೆ ಅನ್ನವನ್ನೂ ಹೇಳಿ, ಮೆಲ್ಲಮೆಲ್ಲನೆ ಮೇಲೇರುವ ಕ್ರಮವನ್ನು ತೋರಿಸಿತು. ಪಾರಸ್ಕರನು ಒಂದೊಂದು ಫಲವನ್ನು ಬಯಸುವವರಿಗೆ ಒಂದೊಂದು ಆಹಾರವನ್ನು ಹೇಳುತ್ತ, ಮಗುವಿಗೆ ವೇಗವನ್ನು ಕೋರುವವರು ಮೀನನ್ನು ಉಣಿಸಬೇಕೆನ್ನುತ್ತಾನೆ. ಫಲಶ್ರುತಿಯನ್ನು ಒಪ್ಪುವುದೂ ಬಿಡುವುದೂ ಅವರವರಿಗೆ ಸೇರಿದ ಮಾತು. ಮೊದಲ ಉಣಿಸು ಏಕರೂಪವಾಗಿರಬೇಕಾಗಿಲ್ಲವೆಂಬ ಅರಿವು ಮಾತ್ರ ಅಷ್ಟು ಹಿಂದೆಯೇ ಇದ್ದುದು ಸ್ಪಷ್ಟ.

ಕಾರವಾರ-ಅಂಕೋಲೆಗಳ ಕರಾವಳಿಯಲ್ಲಿ ಈ ವೈವಿಧ್ಯವನ್ನು ಒದಗಿಸಿದುದು ಶಾಸ್ತ್ರಕ್ಕಿಂತ ಮಿಗಿಲಾಗಿ ನೆಲವೇ. ಹೊಳೆಯ ಉಪ್ಪುನೀರು ಏರಿಳಿಯುವ ಗಜನಿಗಳಲ್ಲಿಯೂ ಬಯಲಿನ ಗದ್ದೆಗಳಲ್ಲಿಯೂ ಬತ್ತ ಬೆಳೆಯಿತು. ಅದರ ಕುಚ್ಚಲಕ್ಕಿಯ ಗಂಜಿಯ ತಿಳಿ, ಬಳಿಕ ಕಿವುಚಿದ ಅನ್ನ, ಕೂಸಿಗೆ ಸಲ್ಲುತ್ತಿದ್ದುವು. ಹಿತ್ತಲು ಬಾಳೆಹಣ್ಣನ್ನು ಕೊಟ್ಟಿತು. ಸಮುದ್ರಮಾರ್ಗವಾಗಿ ಅಮೆರಿಕೆಯಿಂದ ಬಂದ ಪಪ್ಪಾಯಿಯೂ ಗೆಣಸೂ ಅಲ್ಲಿಯೇ ಬೇರೂರಿದುವು. ಮಗು ಸ್ವಲ್ಪ ಬೆಳೆದ ಮೇಲೆ ಮೀನುಣ್ಣುವ ಮನೆಗಳಲ್ಲಿ ಮುಳ್ಳು ಬಿಡಿಸಿದ ಮೀನಿನ ಎಸಳು ಅನ್ನದೊಡನೆ ಬೆರೆಯಿತು. ಇನ್ನು ಗುಡ್ಡದ ಕಡೆಯಿಂದ ಬಂದುದು ರಾಗಿ.

ರಾಗಿಯ ಮಣ್ಣಿಯನ್ನು ಮಾಡುವ ಬಗೆ ತಾಳ್ಮೆಯನ್ನು ಬೇಡುವಂತಹದು. ಕಾಳನ್ನು ತೊಳೆದು ರಾತ್ರಿಯೆಲ್ಲ ನೆನೆಯಿಟ್ಟು, ಬೆಳಗಾದ ಮೇಲೆ ಒರಳಿನಲ್ಲಿ ನೀರೆರೆಯುತ್ತ ನುಣ್ಣಗೆ ಅರೆದು, ಹಳೆಯ ಪಂಚೆಯ ಬಟ್ಟೆಯಲ್ಲಿ ಕಟ್ಟಿ ಹಿಂಡಿದರೆ, ಹೊಟ್ಟು ಬಟ್ಟೆಯಲ್ಲಿ ಉಳಿದು ಹಾಲು ಮಾತ್ರ ಇಳಿಯುತ್ತದೆ. ಆ ಹಾಲಿಗೆ ಚೂರು ಬೆಲ್ಲವನ್ನು ಕೂಡಿಸಿ, ತಳ ಹಿಡಿಯದಂತೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದಾಗ, ಅದು ಹೊಳಪೇರಿ ಮಂದವಾಗುತ್ತದೆ. ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿದ ಹಿಟ್ಟಿನ ಸರಿಯು ಇನ್ನೊಂದು ಬಗೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆದು ಗಂಜಿಯನ್ನು ತೆಳುವಾಗಿಸುವುದರಿಂದ, ಶಿಶುವಿನ ಕಿರಿದಾದ ಹೊಟ್ಟೆಗೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಧಾನ್ಯವು ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದ ಅಂಶವಿರುವುದನ್ನು, ಅಕ್ಕಿಯಲ್ಲಿ ಅದು ಅತ್ಯಲ್ಪವಾಗಿರುವುದನ್ನು, ರಸಾಯನಶಾಸ್ತ್ರವು ಅನಂತರ ಅಳೆದು ಹೇಳಿತು; ಒರಳಿನ ಮುಂದೆ ಕುಳಿತ ಅಜ್ಜಿಯರು ಕೂಸಿನ ಮೈ ತುಂಬುವುದನ್ನು ಕಂಡೇ ಅರಿತಿದ್ದರು.

ಈ ರಾಗಿಯ ಹಿಂದೆ ಒಂದು ವಿಷಾದಕರವಾದ ಚರಿತ್ರೆಯಿದೆ. ಗುಡ್ಡದ ಇಳಿಜಾರಿನ ಕಾಡನ್ನು ಕಡಿದು ಸುಟ್ಟು, ಮಳೆ ಬೀಳುತ್ತಲೇ ಆ ಬೂದಿಯಲ್ಲಿ ರಾಗಿಯನ್ನು ಬಿತ್ತುವ ಕುಮ್ರಿ ಬೇಸಾಯವು ಈ ಕರಾವಳಿಯೂ ಸೇರಿದ ಕೆನರಾ ಸೀಮೆಯಲ್ಲಿ ಬಹುಕಾಲದಿಂದ ನಡೆದು ಬಂದಿತ್ತು. ತೇಗದ ಮೇಲೆ ಕಣ್ಣಿಟ್ಟಿದ್ದ ಅರಣ್ಯಾಧಿಕಾರಿಗಳು ಇದನ್ನು ವಿನಾಶವೆಂದೇ ಬಗೆದರು. ಮದರಾಸು ಸರಕಾರವು 1860ರಲ್ಲಿ ಅಪ್ಪಣೆಯಿಲ್ಲದ ಕುಮ್ರಿಯನ್ನು ನಿಷೇಧಿಸಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ, 1878ರ ಅರಣ್ಯ ಕಾಯಿದೆಯು ಆ ಬಿಗಿಯನ್ನು ಇನ್ನಷ್ಟು ಹೆಚ್ಚಿಸಿತು. ಕಾಡನ್ನು ಉಳಿಸುವ ಉದ್ದೇಶದಲ್ಲಿ ಯುಕ್ತಿಯಿದ್ದಿತಾದರೂ, ಆ ಬೂದಿಯ ಬೆಳೆಯಿಂದ ಹೊಟ್ಟೆ ಹೊರೆಯುತ್ತಿದ್ದವರನ್ನು ಕಾನೂನು ಮರುಕದಿಂದ ನೋಡಲಿಲ್ಲ. ಗುಡ್ಡದಿಂದ ನೇರವಾಗಿ ಮನೆಗಿಳಿಯುತ್ತಿದ್ದ ಧಾನ್ಯವು ಕ್ರಮೇಣ ಅಂಗಡಿಯಿಂದ ಕೊಂಡು ತರುವ ಪದಾರ್ಥವಾಯಿತು.

ಇತ್ತ 1867ರಲ್ಲಿ ಸ್ವಿಟ್ಸರ್ಲೆಂಡಿನ ಹೆನ್ರಿ ನೆಸ್ಲೆಯು ಹಾಲು, ಗೋದಿ, ಸಕ್ಕರೆಗಳಿಂದ ಶಿಶುವಿನ ಪುಡಿಯನ್ನು ಮಾರಲು ಮೊದಲು ಮಾಡಿದ ಬಳಿಕ, ಡಬ್ಬಿಯ ಆಹಾರವು ಜಗತ್ತಿನ ತಾಯಂದಿರ ಮನವನ್ನು ಸೆಳೆಯತೊಡಗಿತು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯವು ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ರೂಪಿಸಿ, ಪರದೇಶದ ಡಬ್ಬಿಗಳ ಅವಲಂಬನೆಯನ್ನು ತಗ್ಗಿಸಿದುದು ಹೆಮ್ಮೆಯ ಸಂಗತಿ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಪೂರಕ ಆಹಾರವನ್ನು ಊರೂರಿಗೂ ಮುಟ್ಟಿಸಿದುವು.

ಹಳೆಯದೆಲ್ಲವೂ ಗ್ರಾಹ್ಯವೆಂದು ನಾನು ಹೇಳುವುದಿಲ್ಲ. ನವಜಾತ ಶಿಶುವಿನ ನಾಲಗೆಗೆ ಜೇನನ್ನು ಸವರುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬರಿಯ ಗಂಜಿಯ ತಿಳಿಯಲ್ಲಿಯೇ ತಿಂಗಳುಗಟ್ಟಲೆ ನಿಲ್ಲಿಸುವುದು, ಇವೆಲ್ಲ ಹಾನಿಕರವಾದ ರೂಢಿಗಳು. ಆರು ತಿಂಗಳು ತುಂಬುವವರೆಗೆ ಮೊಲೆಹಾಲೊಂದೇ, ಅನಂತರ ಮೊಲೆಹಾಲಿನ ಜೊತೆಗೆ ಇತರ ಆಹಾರವೆಂದು ವಿಶ್ವ ಆರೋಗ್ಯ ಸಂಸ್ಥೆಯು 2001ರಿಂದ ಹೇಳುತ್ತ ಬಂದಿದೆ. ಅದರ ಗಣನೆಯಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಗುವಿಗೆ ದಿನವೊಂದಕ್ಕೆ ಮೊಲೆಹಾಲೂ ಸೇರಿದಂತೆ 8 ಆಹಾರವರ್ಗಗಳಲ್ಲಿ 5 ಆದರೂ ದೊರೆಯಬೇಕು. ರಾಗಿ, ಬೇಳೆ, ಪಪ್ಪಾಯಿ, ಮೀನು ಅಥವಾ ಮೊಟ್ಟೆ, ಮೊಲೆಹಾಲು ಎಂದು ಎಣಿಸಿದರೆ, ಕಾಳಿಯಿಂದ ಗಂಗಾವಳಿ ಹೊಳೆಯವರೆಗಿನ ಸೀಮೆಯೊಳಗೇ ಆ ಐದೂ ತುಂಬುತ್ತವೆ. ಆದುದರಿಂದ ಈ ಕರಾವಳಿಯ ಮಕ್ಕಳಿಗೆ ಏನನ್ನು ಉಣಿಸಬೇಕೆಂದು ಯೋಜನೆ ಮಾಡುವವರು, ಎಲ್ಲ ಜಿಲ್ಲೆಗಳಿಗೂ ಒಂದೇ ಪೊಟ್ಟಣವನ್ನು ಕಳುಹಿಸಿ ತೃಪ್ತರಾಗದೆ, ಇಲ್ಲಿಯ ಗುಡ್ಡ, ಗದ್ದೆ, ಕಡಲುಗಳನ್ನೂ ಇಲ್ಲಿಯ ಅಜ್ಜಿಯರನ್ನೂ ಮೊದಲು ಕೇಳುವುದು ಉಚಿತ.