ಎಂಟು ಚುಕ್ಕಿಯ ಅಕ್ಷರ

ಯಂತ್ರವೊಂದನ್ನು ಕೊಂಡರೆ ಅದರೊಡನೆ ಪುಸ್ತಕವೂ ಬರುತ್ತಿದ್ದ ಕಾಲವೊಂದಿತ್ತು. ಈಗಿನ ಗಣಕಯಂತ್ರದ ಪೆಟ್ಟಿಗೆಯಲ್ಲಿ ಒಂದು ಚೀಟಿ ಸಿಕ್ಕಿದರೆ ಅದೇ ಹೆಚ್ಚು. ೧೯೮೧ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ಬಿ.ಬಿ.ಸಿ. ಮೈಕ್ರೊ’ ಎಂಬ ಪುಟ್ಟ ಗಣಕಕ್ಕೆ ದಪ್ಪನೆಯ ಕೈಪಿಡಿಯಿತ್ತು. ೧೯೮೪ರಲ್ಲಿ ಭಾರತ ಸರಕಾರ ‘ಕ್ಲಾಸ್’ ಯೋಜನೆಯನ್ನು ಆರಂಭಿಸಿ, ದೇಶದ ಸುಮಾರು ೨೫೦ ಶಾಲೆಗಳಿಗೆ ಈ ಯಂತ್ರವನ್ನೇ ಕೊಡಿಸಿತು.

ನಮ್ಮ ಗೊರೂರಿಗೆ ಯಂತ್ರ ಬರಲಿಲ್ಲ, ಪುಸ್ತಕ ಬಂದಿತು. ದೂರದ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ ನಮ್ಮ ಸೋದರಮಾವ ಬೇಸಿಗೆಯ ರಜಕ್ಕೆ ಬರುವಾಗ ಅದನ್ನು ತಂದಿದ್ದರು. ಹೇಮಾವತಿಯ ದಂಡೆಯ ಊರಿನಲ್ಲಿ ಕುಳಿತು, ಕಣ್ಣಿಂದ ಕಾಣದ ಯಂತ್ರವನ್ನು ನಾನು ಎರಡು ತಿಂಗಳು ಓದಿದೆ.

ಅದರ ಭಾಷೆ ‘ಬೇಸಿಕ್’. ೧೯೬೪ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಗಣಿತದ ಅಧ್ಯಾಪಕರು, ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಗಣಕ ಒಲಿಯಲೆಂದು ಇದನ್ನು ರಚಿಸಿದ್ದರು. ಸಾಲಿಗೊಂದು ಸಂಖ್ಯೆ: ೧೦, ೨೦, ೩೦. ನಡುವೆ ಏನಾದರೂ ಬಿಟ್ಟುಹೋದರೆ ೧೫ ಎಂದು ತುರುಕಬಹುದು. ಮರೆವಿಗೂ ಮೊದಲೇ ಜಾಗ ಬಿಟ್ಟ ಭಾಷೆ!

ಕೈಪಿಡಿಯ ಒಂದು ಭಾಗ ನನ್ನನ್ನು ಹಿಡಿದು ನಿಲ್ಲಿಸಿತು. ಪರದೆಯ ಮೇಲಿನ ಪ್ರತಿಯೊಂದು ಅಕ್ಷರಕ್ಕೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಎಡದಿಂದ ಅವುಗಳ ಬೆಲೆ ೧೨೮, ೬೪, ೩೨, ೧೬, ೮, ೪, ೨, ೧. ಬೆಳಗಬೇಕಾದ ಚುಕ್ಕಿಗಳ ಬೆಲೆಯನ್ನು ಸಾಲುಸಾಲಾಗಿ ಕೂಡಿ, ಆ ಎಂಟು ಮೊತ್ತಗಳನ್ನು ‘ವಿ.ಡಿ.ಯು. ೨೩’ ಎಂಬ ಆಜ್ಞೆಯೊಡನೆ ಕೊಟ್ಟರೆ ಹೊಸದೊಂದು ಅಕ್ಷರ ಸಿದ್ಧ. ಅಮ್ಮನ ಚುಕ್ಕಿ ರಂಗೋಲಿಯ ಲೆಕ್ಕವೇ ಅದು. ಚೌಕಳಿ ಹಾಳೆಯಲ್ಲಿ ‘ಗ’ ಬರೆದೆ, ‘ರ’ ಬರೆದೆ, ಬಂದವು. ‘ಸ್ತ್ರೀ’ ಎಂದು ಬರೆಯಹೋದರೆ ಒತ್ತಕ್ಷರಕ್ಕೆ ಮೊದಲೇ ಎಂಟು ಸಾಲು ಮುಗಿದುವು. ಸಾಲದ್ದಕ್ಕೆ, ಯಂತ್ರವು ಸಾಧಾರಣವಾಗಿ ನಮಗೆ ಬಿಟ್ಟುಕೊಡುತ್ತಿದ್ದುದು ೨೨೪ರಿಂದ ೨೫೫ರವರೆಗಿನ ೩೨ ಮನೆಗಳನ್ನು. ನಮ್ಮ ವರ್ಣಮಾಲೆಗೇ ೪೯ ಬೇಕು, ಕಾಗುಣಿತ ಬೇರೆ.

ಇಕ್ಕಟ್ಟು ಕನ್ನಡಕ್ಕೆಲ್ಲ ಇದೇ ಆಗಿತ್ತು. ಯಂತ್ರದ ಒಳಗನ್ನು ಓದಿ ತಿಳಿದವರು ಅದನ್ನು ಬಿಡಿಸಿದರು. ಕಾನ್ಪುರದ ಐ.ಐ.ಟಿ.ಯಲ್ಲಿ ರೂಪುಗೊಂಡ ‘ಜಿಸ್ಟ್’ ತಂತ್ರವನ್ನು, ೧೯೮೮ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಬೆಳೆಸಿತು. ಕೆ. ಪಿ. ರಾಯರು ವ್ಯಂಜನದ ಬೆನ್ನಿಗೆ ಸ್ವರವನ್ನು ಒತ್ತಿದರೆ ಗುಣಿತಾಕ್ಷರ ತಾನೇ ಮೂಡುವಂತೆ ಕೀಲಿಮಣೆಯನ್ನು ಅಣಿಮಾಡಿದರು. ‘ನುಡಿ’ ಅದನ್ನೇ ಅನುಸರಿಸಿತು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು.

ಇಂದು ಅಂಗೈಯಗಲದ ಫೋನಿನಲ್ಲಿ ‘ಸ್ತ್ರೀ’ ಸಲೀಸಾಗಿ ಮೂಡುತ್ತದೆ. ಇದರಿಂದ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೂ ಒಂದು ಚಿಂತೆ ಉಳಿದಿದೆ. ಆ ಇಂಗ್ಲಿಷ್ ಕೈಪಿಡಿಯಲ್ಲಿ ಕನ್ನಡಕ್ಕೆಂದು ಒಂದು ಸಾಲೂ ಇರಲಿಲ್ಲ. ಹಾಗಿದ್ದೂ, ಯಂತ್ರ ಮಾಡಿದವರು ನೆನೆಯದ ಅಕ್ಷರವನ್ನು ನಾವೇ ಬರೆದುಕೊಳ್ಳುವ ದಾರಿಯನ್ನು ಅದು ಹದಿನೈದು ವರ್ಷದ ಹಳ್ಳಿ ಹುಡುಗನಿಗೂ ತೋರಿಸಿತು. ಇಂದಿನ ಯಂತ್ರ ಕೇಳುವ ಮೊದಲೇ ಕನ್ನಡವನ್ನು ಕೊಡುತ್ತದೆ. ನಾಳೆ ಅದು ಕೊಡಲು ಮರೆತದ್ದನ್ನು ಮಾಡಿಕೊಳ್ಳಬಲ್ಲ ಮಕ್ಕಳು ಯಾವ ಪುಸ್ತಕವನ್ನು ಓದಿ ಬೆಳೆಯಬೇಕು?